ಬೆಟ್ಟದ ದಾರಿಯಲ್ಲಿ ಭಾರ ಎಳೆಯುವ 5.9 ಕಮಿನ್ಸ್ ಎಂಜಿನ್‌ಗೆ ಎಷ್ಟು ದೊಡ್ಡ ಒಂಟಿ ಟರ್ಬೊ ಬೇಕು?

ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ನೀವು ಡೆನ್ವರ್ ಬಳಿ ವಾಸವಾಗಿದ್ದೀರಿ. ನಿಮ್ಮದು 2006ರ ಡಾಡ್ಜ್ ರ‍್ಯಾಮ್ 2500, ಅದರಲ್ಲಿ 5.9 ಲೀಟರಿನ ಕಮಿನ್ಸ್ ಡೀಸೆಲ್ ಎಂಜಿನ್, 48ಆರ್‌ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇವೆ. ಹಿಂದಿನ ಮಾಲೀಕರು 60 ಅಶ್ವಶಕ್ತಿ ಹೆಚ್ಚಿಸುತ್ತವೆ ಎನ್ನುವ ಇಂಜೆಕ್ಟರುಗಳನ್ನು (ಇಂಧನ ಚಿಮ್ಮಿಸುವ ಭಾಗಗಳು) ಹಾಕಿಸಿ, ಎಷ್ಟು ಇಂಧನ ಹೋಗಬೇಕೆಂದು ನಿರ್ಧರಿಸುವ ಎಂಜಿನ್ ಕಂಪ್ಯೂಟರಿನ ಟ್ಯೂನ್ ಬದಲಿಸಿದ್ದಾರೆ. 10,000 ಪೌಂಡ್ ತೂಕದ ಟ್ರೈಲರ್ ಕಟ್ಟಿಕೊಂಡು ಕೊಲೊರಾಡೊ ಬೆಟ್ಟಗಳಲ್ಲಿರುವ ಐಸೆನ್‌ಹೋವರ್ ಹೆದ್ದಾರಿ ಸುರಂಗದ ಏರು ಹತ್ತುವಾಗ ಕಪ್ಪು ಹೊಗೆ ಬರುತ್ತದೆ, ಎಕ್ಸಾಸ್ಟ್ ತಾಪಮಾನ 1,400 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ. ಸ್ನೇಹಿತರು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊವನ್ನು ಬದಲಿಸಿ 66 ಮಿ.ಮೀ.ನದು ಹಾಕಿಸಿ ಎನ್ನುತ್ತಿದ್ದಾರೆ, ಎರಡು ಟರ್ಬೊ ಜೋಡಿಸುವಷ್ಟು ಹಣ ನಿಮ್ಮಲ್ಲಿಲ್ಲ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಗಾಳಿಯನ್ನು ಒತ್ತುವ ಕಂಪ್ರೆಸರ್ ಚಕ್ರದ ಬಾಯಿ 62 ಮಿ.ಮೀ., ಎಕ್ಸಾಸ್ಟಿನಿಂದ ತಿರುಗಿ ಅದನ್ನು ನಡೆಸುವ ಟರ್ಬೈನ್ ಚಕ್ರದ ಹೊರಬಾಯಿ ಸುಮಾರು 68 ಮಿ.ಮೀ. ಇರುವ, ಎರಡು ಕೋಣೆಗಳ ಟರ್ಬೈನ್ ಹೌಸಿಂಗ್ (ಆ ಚಕ್ರದ ಸುತ್ತಲಿನ ಕವಚ) ಉಳ್ಳ ಟರ್ಬೊ ನಿಮಗೆ ಸಾಕು. ಬೋರ್ಗ್‌ವಾರ್ನರ್‌ನ ಎಸ್‌300 ವರ್ಗದಲ್ಲಿ ಈ ಅಳತೆ ಸುಲಭವಾಗಿ ಸಿಗುತ್ತದೆ. 66 ಬೇಡ. ನಾನು ಅದೇ ತಪ್ಪನ್ನು ಮಾಡಿ ಎಂಟು ತಿಂಗಳು ಅನುಭವಿಸಿದವನಾದ್ದರಿಂದ ಕಾರಣಗಳನ್ನು ವಿವರವಾಗಿ ಬರೆಯುತ್ತೇನೆ.

ನಾನು ಟೆಕ್ಸಾಸಿನಲ್ಲಿದ್ದೇನೆ, ನನ್ನದೂ ಇದೇ ಎಂಜಿನ್, ಗೇರ್‌ಬಾಕ್ಸ್ ಮಾತ್ರ ಆರು ಗೇರುಗಳ ಮ್ಯಾನುವಲ್. ಕಾರ್ಖಾನೆಯಿಂದ ಬಂದಿದ್ದ ಹೋಲ್ಸೆಟ್ ಎಚ್‌ಇ351ಸಿಡಬ್ಲ್ಯು ಟರ್ಬೊ ತೆಗೆಸಿ, ಒಂದು ಗ್ಯಾರೇಜಿನವರ ಸಲಹೆಯಂತೆ 66 ಮಿ.ಮೀ. ಟರ್ಬೊ, 1.00 ಎ/ಆರ್ (ಹೌಸಿಂಗಿನ ದಾರಿಯ ಅಳತೆ; ಸಂಖ್ಯೆ ದೊಡ್ಡದಾದಷ್ಟು ದಾರಿ ಅಗಲ) ಹೌಸಿಂಗ್, ಅದಕ್ಕೆ ಹೊಂದುವ ಟಿ4 ಅಳತೆಯ ಮ್ಯಾನಿಫೋಲ್ಡ್ (ಸಿಲಿಂಡರುಗಳ ಎಕ್ಸಾಸ್ಟನ್ನು ಟರ್ಬೊಗೆ ತರುವ ಭಾಗ) ಹಾಕಿಸಿದೆ. ಖಾಲಿ ಗಾಡಿಯಲ್ಲಿ ಹೆದ್ದಾರಿ ಹಿಡಿದಾಗ ಅದರ ವೇಗಕ್ಕೆ ಮನಸೋತೆ. ಆದರೆ ಬೇಸಿಗೆಯಲ್ಲಿ ಟ್ರೈಲರ್ ಕಟ್ಟಿಕೊಂಡು ನ್ಯೂ ಮೆಕ್ಸಿಕೊ ಮತ್ತು ಕೊಲೊರಾಡೊ ಗಡಿಯ ರಟೋನ್ ಕಣಿವೆದಾರಿ ಹತ್ತುವಾಗ, ಆರನೇ ಗೇರಿನಲ್ಲಿ 1,900 ಆರ್‌ಪಿಎಂನಲ್ಲಿ ಪೆಡಲ್ ಒತ್ತಿದರೆ ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಹೆಚ್ಚುವರಿ ಒತ್ತಡ, ಏರಲೇ ಇಲ್ಲ; ಇಂಧನ ಹೋಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ, ಹಳೆಯ ಟರ್ಬೊ ಇದ್ದಾಗ ಕಂಡಿದ್ದಕ್ಕಿಂತ ಹೆಚ್ಚಿನ ತಾಪಮಾನ ಗೇಜಿನಲ್ಲಿ ಕಂಡಿತು. ಎರಡು ಗೇರ್ ಇಳಿಸಿ 2,500 ಆರ್‌ಪಿಎಂ ದಾಟಿಸಿದ ಮೇಲೆಯೇ ಹೊಗೆ ನಿಂತದ್ದು. ಹೆಂಡತಿ ಮಕ್ಕಳು ಜೊತೆಯಲ್ಲಿದ್ದಾಗ, ಹಿಂದೆ ಸಾಲು ಸಾಲು ಟ್ರಕ್ಕುಗಳು ಬರುತ್ತಿದ್ದಾಗ, ಆ ಅನುಭವ ಯಾರಿಗೂ ಬೇಡ.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಡೀಸೆಲ್ ಎಂಜಿನ್‌ನಲ್ಲಿ ಶಕ್ತಿಯನ್ನು ನಿರ್ಧರಿಸುವುದು ಇಂಧನ. ಆ ಇಂಧನ ಹೊಗೆಯಾಗದೆ ಪೂರ್ತಿ ಉರಿಯಲು ಬೇಕಾದಷ್ಟು ಗಾಳಿಯನ್ನು ಒದಗಿಸುವುದಷ್ಟೇ ಟರ್ಬೊದ ಕೆಲಸ. ಆದ್ದರಿಂದ ಗಾಳಿಯ ಲೆಕ್ಕವನ್ನು ಇಂಧನದಿಂದಲೇ ಆರಂಭಿಸಬೇಕು. ಕಾರ್ಖಾನೆಯಿಂದ ನಿಮ್ಮ ಎಂಜಿನ್ 325 ಅಶ್ವಶಕ್ತಿಯದು. ಈಗಿನ ಇಂಜೆಕ್ಟರ್ ಮತ್ತು ಟ್ಯೂನ್ ಸೇರಿ 450 ಇದೆ ಎಂದು ಇಟ್ಟುಕೊಳ್ಳೋಣ. ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.38 ಪೌಂಡ್ ಡೀಸೆಲ್ ಬೇಕಾಗುತ್ತದೆ. ಹಾಗಾದರೆ ನಿಮಿಷಕ್ಕೆ 2.85 ಪೌಂಡ್. ಹೊಗೆ ಕಾಣದಂತೆ ಉರಿಯಲು ಇಂಧನದ ತೂಕದ ಸುಮಾರು 20 ಪಟ್ಟು ಗಾಳಿ ಇರಲಿ ಎಂದರೆ ನಿಮಿಷಕ್ಕೆ 57 ಪೌಂಡ್ ಗಾಳಿ ಬೇಕು. ಇನ್ನು ಎಂಜಿನ್ ತಾನಾಗಿಯೇ ಎಷ್ಟು ಗಾಳಿ ಎಳೆದುಕೊಳ್ಳುತ್ತದೆ ಎಂದು ನೋಡಿದರೆ, 2,800 ಆರ್‌ಪಿಎಂನಲ್ಲಿ, ಸಿಲಿಂಡರುಗಳು ನೂರಕ್ಕೆ ತೊಂಬತ್ತರಷ್ಟು ತುಂಬುತ್ತವೆ ಎಂದುಕೊಂಡರೆ, ಸಮುದ್ರ ಮಟ್ಟದಲ್ಲಿ ನಿಮಿಷಕ್ಕೆ ಸುಮಾರು 19.4 ಪೌಂಡ್. ಅಂದರೆ ಗಾಳಿ ಸುಮಾರು ಮೂರು ಪಟ್ಟು ದಟ್ಟವಾಗಬೇಕು. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಮೇಲೂ ಗಾಳಿ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಇರುವುದನ್ನು ಲೆಕ್ಕಕ್ಕೆ ಹಿಡಿದರೆ ಒತ್ತಡದ ಅನುಪಾತ (ಹೊರಗಿನ ಗಾಳಿಯ ಒತ್ತಡದ ಎಷ್ಟು ಪಟ್ಟು ಎಂಬುದು) 3.3ರ ಹತ್ತಿರ, ಬೂಸ್ಟ್ 33 ಅಥವಾ 34 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್) ಆಗುತ್ತದೆ. 62 ಮಿ.ಮೀ. ಕಂಪ್ರೆಸರ್ ಇದನ್ನು ಆರಾಮವಾಗಿ ಕೊಡುತ್ತದೆ.

ನಿಮ್ಮ ಸ್ನೇಹಿತರ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಐಸೆನ್‌ಹೋವರ್ ಸುರಂಗ ಇರುವುದು 11,158 ಅಡಿ ಎತ್ತರದಲ್ಲಿ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 9.6 ಪಿ.ಎಸ್.ಐ. ಮಾತ್ರ. ಕೆಳಗೆ ಸಿಗುತ್ತಿದ್ದ ಅದೇ ದಟ್ಟ ಗಾಳಿಯನ್ನು ಅಲ್ಲಿಯೂ ಕೊಡಬೇಕೆಂದರೆ ಟರ್ಬೊ ಐದು ಪಟ್ಟು ಒತ್ತಬೇಕಾಗುತ್ತದೆ, ಮತ್ತು ತೆಳುಗಾಳಿಯಾದ್ದರಿಂದ ಕಂಪ್ರೆಸರಿನ ಬಾಯಿಯಲ್ಲಿ ಹಾದುಹೋಗಬೇಕಾದ ಗಾಳಿಯ ಗಾತ್ರವೂ ಒಂದೂವರೆ ಪಟ್ಟು ಹಿಗ್ಗುತ್ತದೆ. ಆ ಎತ್ತರದಲ್ಲಿ ದೊಡ್ಡ ಬಾಯಿ ಬೇಕು ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಆದರೆ ಐದರ ಅನುಪಾತದಲ್ಲಿ 66 ಇರಲಿ, ಬೇರೆ ಯಾವುದೇ ಒಂಟಿ ಟರ್ಬೊ ಇರಲಿ, ದಕ್ಷತೆಯಿಂದ ಕೆಲಸ ಮಾಡುವುದಿಲ್ಲ. ಮಿತಿಮೀರಿ ತಿರುಗಿ ಗಾಳಿಯನ್ನು ಕಾಯಿಸುತ್ತದೆ, ಬೇರಿಂಗುಗಳು ಬೇಗ ಸವೆಯುತ್ತವೆ.

ಹಾಗಾದರೆ ಆ ಏರಿನಲ್ಲಿ ನಿಮಗೆ ನಿಜವಾಗಿ ಎಷ್ಟು ಶಕ್ತಿ ಬೇಕು? ಟ್ರಕ್ಕು, ಟ್ರೈಲರ್ ಎರಡೂ ಸೇರಿ 7,900 ಕಿಲೋ ಎಂದುಕೊಳ್ಳಿ. ಸುರಂಗದ ಪಶ್ಚಿಮಕ್ಕಿರುವ ಸಿಲ್ವರ್‌ಥಾರ್ನ್ ಊರಿನ ಕಡೆಯಿಂದ ಹಿಂದಿರುಗುವಾಗ ಸಿಗುವ 7 ಪ್ರತಿಶತ ಏರನ್ನು ಗಂಟೆಗೆ 55 ಮೈಲಿ ವೇಗದಲ್ಲಿ ಹತ್ತಲು, ಭಾರವನ್ನು ಮೇಲೆತ್ತುವುದಕ್ಕೇ ಸುಮಾರು 180 ಅಶ್ವಶಕ್ತಿ, ಗಾಳಿ ಮತ್ತು ಟೈರುಗಳ ತಡೆಗೆ ಸುಮಾರು 60, ಗೇರ್‌ಬಾಕ್ಸ್ ಮತ್ತು ಆಕ್ಸಲ್‌ಗಳು ನುಂಗುವುದನ್ನು ಸೇರಿಸಿದರೆ ಎಂಜಿನ್‌ನಲ್ಲಿ ಒಟ್ಟು 280ರ ಆಸುಪಾಸು. ನಿಮ್ಮ ಬಳಿ ಇರುವ 450 ಅಲ್ಲಿ ಬೇಕಾಗಿಯೇ ಇಲ್ಲ. 280 ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 35 ಪೌಂಡ್ ಗಾಳಿ ಸಾಕು. ಸುರಂಗದ ಎತ್ತರದಲ್ಲಿಯೂ 2,400 ಆರ್‌ಪಿಎಂನಲ್ಲಿ ಇದು 24 ಅಥವಾ 25 ಪಿ.ಎಸ್.ಐ. ಬೂಸ್ಟಿನಲ್ಲಿ ಸಿಗುತ್ತದೆ, ಅನುಪಾತ 3.5ರ ಹತ್ತಿರ ನಿಲ್ಲುತ್ತದೆ. 62 ಮಿ.ಮೀ. ಟರ್ಬೊಗೆ ಇದು ಭಾರವಲ್ಲ. ನಿಮ್ಮ ಗೇಜು 1,400 ತೋರಿಸುತ್ತಿರುವುದಕ್ಕೆ ಅರ್ಧ ಕಾರಣ ಟರ್ಬೊ ಆಗಿದ್ದರೆ, ಇನ್ನರ್ಧ ಕಾರಣ ಆ ಎತ್ತರದಲ್ಲಿಯೂ ಸಮುದ್ರ ಮಟ್ಟದ ಲೆಕ್ಕದಲ್ಲಿ ಇಂಧನ ಸುರಿಯುತ್ತಿರುವ ಟ್ಯೂನ್ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಟ್ರೈಲರ್ ಎಳೆಯುವುದಕ್ಕೆಂದೇ ಇಂಧನ ಕಡಿಮೆ ಮಾಡಿದ ಪ್ರತ್ಯೇಕ ಟ್ಯೂನ್ ಬರೆಸಿಕೊಳ್ಳದೆ ಯಾವ ಟರ್ಬೊ ಹಾಕಿಸಿದರೂ ಸಮಸ್ಯೆ ಪೂರ್ತಿ ಹೋಗುವುದಿಲ್ಲ.

ಈಗ ಟರ್ಬೈನ್ ಬದಿಗೆ ಬರುತ್ತೇನೆ. ಹೆಚ್ಚಿನವರು ಕೊಳ್ಳುವಾಗ ಕಂಪ್ರೆಸರಿನ ಅಳತೆಯನ್ನು ಮಾತ್ರ ಕೇಳುತ್ತಾರೆ. ಎಳೆತ ಹೇಗಿರುತ್ತದೆ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಟರ್ಬೈನ್ ಚಕ್ರ ಮತ್ತು ಅದರ ಹೌಸಿಂಗ್. ನಿಮ್ಮ ಈಗಿನ ಹೋಲ್ಸೆಟ್‌ನ ಹೌಸಿಂಗ್ 9 ಚದರ ಸೆಂಟಿಮೀಟರಿನದು. ಹೋಲ್ಸೆಟ್‌ನವರು ದಾರಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು ಹೇಳುತ್ತಾರೆ, ಉಳಿದವರು ಎ/ಆರ್ ಎಂಬ ಅನುಪಾತವನ್ನು ಹೇಳುತ್ತಾರೆ, ಆದ್ದರಿಂದ ಎರಡು ಸಂಖ್ಯೆಗಳನ್ನು ನೇರವಾಗಿ ಹೋಲಿಸಬೇಡಿ. 9 ಎಂಬುದು ಚಿಕ್ಕ ಹೌಸಿಂಗ್. ಕೆಳಗಿನ ಆರ್‌ಪಿಎಂನಲ್ಲಿ ಅದು ಥಟ್ಟನೆ ಬೂಸ್ಟ್ ಕೊಡುತ್ತದೆ, ಇಂಧನ ಹೆಚ್ಚಾದಾಗ ಉಸಿರುಗಟ್ಟುತ್ತದೆ. ಅದು ಉಸಿರುಗಟ್ಟುತ್ತಿದೆಯೇ ಎಂದು ತಿಳಿಯುವ ಮಾರ್ಗ ಒಂದೇ: ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಟರ್ಬೊಗಿಂತ ಮೊದಲು ಒತ್ತಡವನ್ನು ಅಳೆಯುವುದು. ಇಲ್ಲಿನವರು ಇದನ್ನು ಡ್ರೈವ್ ಪ್ರೆಶರ್ ಎನ್ನುತ್ತಾರೆ. ಮ್ಯಾನಿಫೋಲ್ಡಿಗೆ ಸಣ್ಣ ತೂತು ಕೊರೆದು ತಿರುಪಿನ ಮರೆ ಹೊಡೆಸಿ, ಬಿಸಿ ಗೇಜಿಗೆ ತಲುಪದಂತೆ ಕೆಲವು ಸುತ್ತು ಸುತ್ತಿದ ತಾಮ್ರದ ಕೊಳವೆಯ ಮೂಲಕ ಸಾಧಾರಣ ಒತ್ತಡದ ಗೇಜನ್ನು ಜೋಡಿಸಿದರೆ ಆಯಿತು. ಕೊರೆದ ಲೋಹದ ಚೂರು ಒಂದೂ ಒಳಗುಳಿಯಬಾರದು. ಉಳಿದರೆ ಅದು ನೇರವಾಗಿ ಟರ್ಬೈನ್ ಚಕ್ರಕ್ಕೆ ಹೋಗುತ್ತದೆ. ಡ್ರೈವ್ ಪ್ರೆಶರ್ ಬೂಸ್ಟಿಗೆ ಸಮನಾಗಿದ್ದರೆ ಬಹಳ ಒಳ್ಳೆಯದು, 1.2 ಪಟ್ಟು ಇದ್ದರೂ ಒಳ್ಳೆಯದು, ಒಂದೂವರೆ ಪಟ್ಟು ದಾಟಿದರೆ ಹೌಸಿಂಗ್ ಚಿಕ್ಕದಾಯಿತು ಎಂದರ್ಥ. ನನ್ನ ಹಳೆಯ ಹೋಲ್ಸೆಟ್‌ನಲ್ಲಿ ಬೂಸ್ಟ್ 34 ಇದ್ದಾಗ ಡ್ರೈವ್ ಪ್ರೆಶರ್ 60 ಇತ್ತು. 66 ತೆಗೆಸಿ ಹಾಕಿಸಿಕೊಂಡ ಈಗಿನ 62ರಲ್ಲಿ 33ಕ್ಕೆ 40 ಇದೆ, ಅದೇ ಏರಿನಲ್ಲಿ ತಾಪಮಾನ 1,200 ದಾಟುವುದಿಲ್ಲ.

ಎರಡು ಕೋಣೆಗಳ ಹೌಸಿಂಗನ್ನೇ ಕೇಳಿ ಎಂದು ಒತ್ತಿ ಹೇಳುವುದಕ್ಕೂ ಕಾರಣವಿದೆ. ಈ ಎಂಜಿನ್ನಿನ ಸಿಲಿಂಡರುಗಳು 1, 5, 3, 6, 2, 4 ಎಂಬ ಕ್ರಮದಲ್ಲಿ ಉರಿಯುತ್ತವೆ. ಅಂದರೆ ಒಂದು ಸಲ ಮುಂದಿನ ಮೂರರಲ್ಲೊಂದು, ಮರುಸಲ ಹಿಂದಿನ ಮೂರರಲ್ಲೊಂದು. ಕಾರ್ಖಾನೆಯ ಮ್ಯಾನಿಫೋಲ್ಡ್ ಈ ಎರಡು ಗುಂಪುಗಳನ್ನು ಬೇರೆ ಬೇರೆಯಾಗಿಯೇ ಟರ್ಬೊವರೆಗೆ ತರುತ್ತದೆ. ಹೌಸಿಂಗಿನಲ್ಲಿಯೂ ಆ ಗೋಡೆ ಮುಂದುವರಿದರೆ, ಒಂದು ಸಿಲಿಂಡರಿನ ಎಕ್ಸಾಸ್ಟ್ ಬಡಿತ ಇನ್ನೊಂದರದ್ದನ್ನು ಕೆಡಿಸದೆ ಚಕ್ರವನ್ನು ನೇರವಾಗಿ ತಟ್ಟುತ್ತದೆ, 1,600 ಅಥವಾ 1,800 ಆರ್‌ಪಿಎಂನಲ್ಲಿಯೇ ಟರ್ಬೊ ಎಚ್ಚರಗೊಳ್ಳುತ್ತದೆ. ಗೋಡೆಯಿಲ್ಲದ ಹೌಸಿಂಗ್ ಅಗ್ಗಕ್ಕೆ ಸಿಕ್ಕಿತೆಂದು ಹಾಕಿದರೆ ಈ ಅನುಕೂಲ ಕೈತಪ್ಪುತ್ತದೆ. ಟಿ3 ಅಳತೆಯ ಫ್ಲ್ಯಾಂಜ್ (ಮ್ಯಾನಿಫೋಲ್ಡಿಗೆ ಕೂರುವ ಚಪ್ಪಟೆ ಅಂಚು) ಇರುವುದನ್ನೇ ಆರಿಸಿದರೆ ಈಗಿನ ಮ್ಯಾನಿಫೋಲ್ಡಿಗೆ ನೇರವಾಗಿ ಕೂರುತ್ತದೆ, ಹೊಸ ಮ್ಯಾನಿಫೋಲ್ಡಿನ ಖರ್ಚು ಉಳಿಯುತ್ತದೆ.

ಇದೇ ಕಮಿನ್ಸ್ ಬಿ ಸರಣಿಯ 5.9 ಎಂಜಿನ್ ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆಯಲ್ಲಿಯೂ ತಯಾರಾಗಿ ಟಾಟಾ ಲಾರಿಗಳಲ್ಲಿ ಓಡಿದೆ. ಸಕಲೇಶಪುರದ ಕಡೆಯವನಾದ ನಾನು ಚಿಕ್ಕಂದಿನಲ್ಲಿ ಶಿರಾಡಿ ಘಾಟಿ ಹತ್ತುವ ಲಾರಿಗಳ ಸದ್ದು ಕೇಳಿಕೊಂಡೇ ಬೆಳೆದೆ. ಆ ಚಾಲಕರು ಎಂಜಿನ್ನನ್ನು ಹೊಗಳುತ್ತಿದ್ದದ್ದು ಅದರ ಕೆಳಗಿನ ಎಳೆತಕ್ಕಾಗಿ. ಭಾರ ಹೊರುವವರು ಅದನ್ನು ಕಳೆದುಕೊಳ್ಳಬಾರದು.

ಟರ್ಬೊಗೆ ಹಣ ಕೊಡುವ ಮೊದಲು ಇಂಟರ್‌ಕೂಲರಿನ ಕೊಳವೆಗಳು ಮತ್ತು ರಬ್ಬರ್ ಜೋಡಣೆಗಳಲ್ಲಿ ಗಾಳಿ ಸೋರುತ್ತಿಲ್ಲವೇ ಎಂದು ಪರೀಕ್ಷಿಸಿ. ಟರ್ಬೊದ ಗಾಳಿ ಎಳೆಯುವ ಬಾಯನ್ನು ಮುಚ್ಚಿ 20 ಪಿ.ಎಸ್.ಐ. ಗಾಳಿ ತುಂಬಿ ಸಾಬೂನು ನೀರು ಹಚ್ಚಿದರೆ ಸೋರಿಕೆ ಕಾಣುತ್ತದೆ. ಒಂದು ಹರಿದ ರಬ್ಬರ್ ಕೂಡ ಇದೇ ಹೊಗೆಯನ್ನೂ ಇದೇ ತಾಪವನ್ನೂ ಕೊಡಬಲ್ಲದು. ನಿಮ್ಮ ತಾಪಮಾನದ ಗೇಜಿನ ಕಡ್ಡಿ ಟರ್ಬೊಗಿಂತ ಮೊದಲು, ಮ್ಯಾನಿಫೋಲ್ಡಿನಲ್ಲಿಯೇ ಇರಬೇಕು. ಟರ್ಬೊ ದಾಟಿದ ಮೇಲಿನ ಎಕ್ಸಾಸ್ಟ್ ತಣ್ಣಗಾಗಿರುತ್ತದೆ, ಆ ಸಂಖ್ಯೆಯನ್ನು ನಂಬಿ ಪಿಸ್ಟನ್ ಕರಗಿಸಿಕೊಂಡವರಿದ್ದಾರೆ. ನಿರಂತರ ಏರಿನಲ್ಲಿ 1,250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 677 ಸೆಲ್ಸಿಯಸ್ ದಾಟಿಸಬೇಡಿ.

ಹಾಕಿಸುವಾಗಿನ ಕೆಲವು ಸಂಗತಿಗಳು ಕೂಡ ಇವೆ. ನಿಮ್ಮ ಈಗಿನ ಟರ್ಬೊದಲ್ಲಿ ಹೆಚ್ಚಾದ ಎಕ್ಸಾಸ್ಟನ್ನು ಟರ್ಬೈನ್ ಚಕ್ರದ ಪಕ್ಕದಿಂದ ಬಿಡುವ ಕವಾಟವಾದ ವೇಸ್ಟ್‌ಗೇಟನ್ನು ಎಂಜಿನ್ ಕಂಪ್ಯೂಟರ್ ನಡೆಸುತ್ತದೆ. ಅದರ ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ಸಣ್ಣ ಕವಾಟ) ಕಿತ್ತರೆ ಡ್ಯಾಶಿನ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಅದಕ್ಕೆ ಏನು ಮಾಡುತ್ತೀರಿ ಎಂದು ಹಾಕುವವರನ್ನು ಮೊದಲೇ ಕೇಳಿ. ಹೊಸ ಟರ್ಬೊಗೆ ಚಾಲೂ ಮಾಡುವ ಮೊದಲು ಎಣ್ಣೆ ತುಂಬಿಸಬೇಕು, ಎಣ್ಣೆ ಇಳಿಯುವ ಕೊಳವೆ ಎಲ್ಲಿಯೂ ಬಾಗಿ ನಿಲ್ಲದೆ ಕೆಳಗಿಳಿಯಬೇಕು. ಬೂಸ್ಟ್ 40ರ ಒಳಗಿದ್ದರೆ ಕಾರ್ಖಾನೆಯ ಹೆಡ್ ಬೋಲ್ಟುಗಳು ಸಾಮಾನ್ಯವಾಗಿ ತಡೆಯುತ್ತವೆ. 48ಆರ್‌ಇ ಗೇರ್‌ಬಾಕ್ಸಿನ ಮೂಲ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಬಗ್ಗೆ ನನಗೆ ಆ ಧೈರ್ಯವಿಲ್ಲ. 450 ಅಶ್ವಶಕ್ತಿಯಲ್ಲಿ ಭಾರ ಎಳೆದರೆ ಅದು ಜಾರಲು ತೊಡಗುತ್ತದೆ, ಕೈಯಲ್ಲಿರುವ ಹಣಕ್ಕೆ ಟರ್ಬೊ ಮತ್ತು ಕನ್ವರ್ಟರ್ ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಕನ್ವರ್ಟರನ್ನು ಮೊದಲು ಮಾಡಿಸಿ. ಅಮೆರಿಕದ ಕೇಂದ್ರ ಕಾನೂನು ಮಾಲಿನ್ಯ ನಿಯಂತ್ರಣಕ್ಕೆ ಸಂಬಂಧಿಸಿದ ಭಾಗಗಳನ್ನು ಕೆಡಿಸುವುದನ್ನು ನಿಷೇಧಿಸುತ್ತದೆ. ಕ್ಯಾಲಿಫೋರ್ನಿಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರುವ ಟರ್ಬೊ ಸಿಕ್ಕಿದರೆ, ಸ್ವಲ್ಪ ಹೆಚ್ಚು ಬೆಲೆಯಾದರೂ, ಅದನ್ನೇ ಕೊಳ್ಳಿ.

ಇನ್ನು ಉಳಿದದ್ದು ಹೌಸಿಂಗಿನ ಎ/ಆರ್ 0.80 ಇರಬೇಕೇ, 0.91 ಇರಬೇಕೇ ಎಂಬುದು. ಟ್ರೈಲರ್ ಕಟ್ಟಿಕೊಂಡು ಏರು ಹತ್ತುವಾಗ 2,000, 2,400 ಮತ್ತು 2,800 ಆರ್‌ಪಿಎಂಗಳಲ್ಲಿ ಬೂಸ್ಟ್ ಎಷ್ಟು, ಡ್ರೈವ್ ಪ್ರೆಶರ್ ಎಷ್ಟು ಎಂದು ಪಕ್ಕದಲ್ಲಿ ಕೂತವರಿಂದ ಬರೆಸಿಕೊಂಡು ಇಲ್ಲಿ ತಿಳಿಸಿ. ಸದ್ಯಕ್ಕೆ ನನ್ನ ಒಲವು 0.80ರ ಕಡೆಗಿದೆ, ಆ ಆರು ಸಂಖ್ಯೆಗಳನ್ನು ನೋಡಿದ ಮೇಲೆ ಖಚಿತವಾಗಿ ಹೇಳುತ್ತೇನೆ.