73 ಈಸ್ಟಿಂಗ್: ಒಬ್ಬನಿಗೆ ಕಂಡದ್ದು ಇನ್ನೊಬ್ಬನಿಗೆ ಯಾಕೆ ಕಾಣಲಿಲ್ಲ?

73 ಈಸ್ಟಿಂಗ್ ಅಂದರೆ ಗಲ್ಫ್ ಯುದ್ಧದಲ್ಲಿ ಇರಾಕಿನ ಮರುಭೂಮಿಯಲ್ಲಿ ಅಮೆರಿಕನ್ನರಿಗೂ ಇರಾಕಿಗಳಿಗೂ ನಡೆದ ಟ್ಯಾಂಕ್ ಕಾಳಗ. ಅಲ್ಲಿ ಒಬ್ಬನಿಗೆ ಕಂಡದ್ದು ಇನ್ನೊಬ್ಬನಿಗೆ ಕಾಣದಿರಲು ಕಾರಣ ಥರ್ಮಲ್ ಸೈಟ್, ಅಂದರೆ ಶಾಖವನ್ನು ಹಿಡಿದು ಚಿತ್ರ ತೋರಿಸುವ ಗುರಿ ಸಾಧನ, ಇರಬೇಕು. ಒಬ್ಬ ಅಮೆರಿಕನ್ ಸೈನಿಕ ‘ಮರಳುಗಾಳಿಯಲ್ಲಿ ಏನೂ ಕಾಣಲಿಲ್ಲ’ ಅಂತಾನೆ, ಇನ್ನೊಬ್ಬ ‘ಇರಾಕಿ ಟ್ಯಾಂಕ್ ಟಿ-72 ಚೆನ್ನಾಗಿ ಕಂಡಿತು’ ಅಂತಾನೆ, ಯಾರನ್ನು ನಂಬಲಿ ಅಂದಿರಲ್ವಾ? ಇಬ್ಬರದೂ ನಿಜ ಇರಬಹುದು.

ಮೊದಲು, ಹೇಳುವವನು ಟ್ಯಾಂಕಿನಲ್ಲಿ ಎಲ್ಲಿದ್ದ ನೋಡಿ. ಅಮೆರಿಕನ್ ಟ್ಯಾಂಕ್ ಅಬ್ರಾಮ್ಸ್‌ನಲ್ಲಿ ಗುರಿಯಿಟ್ಟು ಹೊಡೆಯುವ ಗನ್ನರ್‌ಗೆ ಧೂಳಿನಾಚೆಯ ಬಿಸಿ ಎಂಜಿನ್ ಸೈಟಿನಲ್ಲಿ ಹೊಳೆಯುತ್ತಿತ್ತು. ಮೇಲಿನ ಮುಚ್ಚಳದಿಂದ ತಲೆ ಹೊರಹಾಕಿದವನ ಕಣ್ಣಿಗೆ ಬರೀ ಮರಳು. ಲೋಡರ್ ಅಂತೂ ಶೆಲ್ ತುಂಬಿಸುವುದರಲ್ಲೇ ಮುಳುಗಿರುತ್ತಾನೆ, ಅವನನ್ನು ದೃಶ್ಯ ಕೇಳಿ ಜಾಸ್ತಿ ಪ್ರಯೋಜನವಿಲ್ಲ.

ಆಮೇಲೆ ಇಬ್ಬರೂ ಒಂದೇ ಹೊತ್ತಿನ ಮಾತು ಹೇಳುತ್ತಿದ್ದಾರಾ ಅಂತ ಹೊಂದಿಸಿ ನೋಡಿ. 1991ರ ಫೆಬ್ರವರಿ 26ರ ಸಂಜೆ ಶುರುವಾದ ಕಾಳಗ ಕತ್ತಲಾದ ಮೇಲೂ ನಡೆಯಿತು.

ಇರಾಕಿಗಳ ಮಾತು ಸಿಕ್ಕರೆ ಬೇರೆಯಾಗಿಯೇ ಓದಿ. ಅವರ ಟಿ-72ಗಳಲ್ಲಿ ಥರ್ಮಲ್ ಸೈಟ್ ಇರಲಿಲ್ಲ. ಟ್ಯಾಂಕ್ ಎಷ್ಟು ದೂರದಲ್ಲಿತ್ತು ಅನ್ನುವ ಲೆಕ್ಕವನ್ನು ಮಾತ್ರ ಒಬ್ಬನ ನೆನಪು ನಂಬಿ ಸುಮ್ನೆ ಬರೆದುಬಿಡಬೇಡಿ.