ಚಾಟ್ ಮಾಡಲು ಇಷ್ಟೊಂದು ರ‍್ಯಾಮ್ ಏಕೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ. ಕಚೇರಿಯ ಚಾಟ್ ಆ್ಯಪ್, ಟಿಪ್ಪಣಿ ಬರೆದುಕೊಳ್ಳುವ ಆ್ಯಪ್, ಹಾಡು ಕೇಳುವ ಆ್ಯಪ್, ಜೊತೆಗೊಂದು ಬ್ರೌಸರ್ ತೆರೆದರೆ ಸಾಕು, ಯಂತ್ರ ತೆವಳತೊಡಗುತ್ತದೆ. ನಾಲ್ಕು ಸಾಲಿನ ಸಂದೇಶ ಕಳುಹಿಸಲು ಇಷ್ಟೊಂದು ರ‍್ಯಾಮ್ ಏಕೆ ಬೇಕು? ಹೊಸ ಲ್ಯಾಪ್‌ಟಾಪ್ ಕೊಳ್ಳುವುದೊಂದೇ ದಾರಿಯೇ?

ಉತ್ತರ: ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಓಡುತ್ತಿರುವ ತಂತ್ರಾಂಶಗಳು ತಮ್ಮ ದತ್ತಾಂಶ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗವೇ ರ‍್ಯಾಮ್. ಸಂದೇಶ ಕಳುಹಿಸುವ ಕೆಲಸಕ್ಕೆ ಅಷ್ಟು ರ‍್ಯಾಮ್ ಬೇಕಿಲ್ಲ. ಅದನ್ನು ನುಂಗುತ್ತಿರುವುದು ಆ ಆ್ಯಪ್‌ಗಳನ್ನು ಕಟ್ಟಿರುವ ರೀತಿ. ಈಗಿನ ಹಲವು ಡೆಸ್ಕ್‌ಟಾಪ್ ಆ್ಯಪ್‌ಗಳು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ನಿಂತಿವೆ. ಗಿಟ್‌ಹಬ್ ಸಂಸ್ಥೆ 2013ರಲ್ಲಿ, ತಂತ್ರಾಂಶ ಬರೆಯಲು ಬಳಸುವ ತನ್ನ ಆ್ಯಟಮ್ ಎಡಿಟರ್‌ಗಾಗಿ ರೂಪಿಸಿದ ಈ ಚೌಕಟ್ಟಿನಲ್ಲಿ, ಜಾಲಪುಟ ಬರೆಯಲು ಬಳಸುವ ಭಾಷೆಗಳಲ್ಲೇ ಡೆಸ್ಕ್‌ಟಾಪ್ ಆ್ಯಪ್ ಬರೆಯಬಹುದು. ಒಮ್ಮೆ ಬರೆದದ್ದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುವುದರಿಂದ ತಯಾರಕರಿಗೆ ಶ್ರಮವೂ ಖರ್ಚೂ ಉಳಿಯುತ್ತವೆ. ಅವರಿಗೆ ಉಳಿದದ್ದು ಬಳಕೆದಾರರ ಲೆಕ್ಕಕ್ಕೆ ಬೀಳುತ್ತದೆ. ಇಂತಹ ಪ್ರತಿಯೊಂದು ಆ್ಯಪ್ ಕ್ರೋಮ್‌ನ ತಿರುಳಾದ ಕ್ರೋಮಿಯಮ್‌ನ ತನ್ನದೇ ಪ್ರತಿಯನ್ನು ಹೊತ್ತು ಬರುತ್ತದೆ. ನಿಮ್ಮ ಮೂರೂ ಆ್ಯಪ್‌ಗಳು ಈ ಬಗೆಯವಾದರೆ, ಬ್ರೌಸರೂ ಸೇರಿ ನಾಲ್ಕು ಬ್ರೌಸರ್‌ಗಳು ಓಡುತ್ತಿವೆ ಎಂದೇ ತಿಳಿಯಿರಿ.

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಮೆಮೊರಿ ಎಂಬ ಕಾಲಮ್ಮಿನ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನುವವು ಮೇಲಕ್ಕೆ ಬರುತ್ತವೆ. ಚಾಟ್ ಆ್ಯಪ್‌ನ ಹೆಸರಿನ ಪಕ್ಕದ ಪುಟ್ಟ ಬಾಣದ ಗುರುತನ್ನು ಒತ್ತಿ ನೋಡಿ: ಒಂದೇ ಆ್ಯಪ್ ಎಂದು ನೀವು ತಿಳಿದದ್ದರ ಅಡಿಯಲ್ಲಿ ಹಲವು ಪ್ರಕ್ರಿಯೆಗಳು (ಪ್ರತ್ಯೇಕವಾಗಿ ಓಡುವ ತಂತ್ರಾಂಶದ ತುಣುಕುಗಳು) ಸಾಲಾಗಿ ಕಾಣಿಸುತ್ತವೆ. ಕಿಟಕಿಯನ್ನು ಮುಚ್ಚಿದ ಮೇಲೂ ಅವು ಅಲ್ಲೇ ಇದ್ದರೆ ಬೆರಗಾಗಬೇಡಿ. ಅನೇಕ ಆ್ಯಪ್‌ಗಳು ಮುಚ್ಚಿದಂತೆ ನಟಿಸಿ, ಗಡಿಯಾರದ ಪಕ್ಕದ ಮೂಲೆಯಲ್ಲಿ ಚಿಕ್ಕ ಚಿತ್ರವಾಗಿ ಕುಳಿತಿರುತ್ತವೆ. (ಬಳಕೆದಾರ ಮುಚ್ಚು ಎಂದಾಗ ಮುಚ್ಚಿಕೊಳ್ಳದ ತಂತ್ರಾಂಶವನ್ನು ಸಭ್ಯವೆಂದು ಕರೆಯಲು ನನಗೆ ಮನಸ್ಸಿಲ್ಲ.)

ರ‍್ಯಾಮ್ ತುಂಬಿದಾಗ ಕಾರ್ಯಾಚರಣ ವ್ಯವಸ್ಥೆಯು ಅದರಲ್ಲಿನ ಒಂದಷ್ಟು ದತ್ತಾಂಶವನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ರ‍್ಯಾಮ್‌ನಿಂದ ಓದಲು ಸುಮಾರು 100 ನ್ಯಾನೋಸೆಕೆಂಡ್ ಹಿಡಿದರೆ, ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತದೆ, ಅಂದರೆ ಒಂದು ಲಕ್ಷ ಪಟ್ಟು. ನೀವು ಹೇಳುವ ತೆವಳಾಟ ಬಹುತೇಕ ಇದೇ. ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಇದ್ದರೆ ಅಂತರ ಬಹಳ ಕುಗ್ಗುತ್ತದೆ, ಇಲ್ಲವಾಗುವುದಿಲ್ಲ.

ಚಾಟ್ ಮತ್ತು ಹಾಡಿನ ಆ್ಯಪ್‌ಗಳಿಗೆ ಜಾಲತಾಣದ ರೂಪವಿದ್ದರೆ, ಅವನ್ನು ಹೇಗೂ ತೆರೆದಿರುವ ಬ್ರೌಸರಿನ ಟ್ಯಾಬ್‌ನಲ್ಲೇ ಬಳಸಿ. ಟಿಪ್ಪಣಿಗಳಿಗೆ ಸರಳ ಪಠ್ಯ ಕಡತಗಳೇ ಸಾಕು. ವಿಂಡೋಸ್‌ನಲ್ಲಾದರೆ 2003ರಿಂದ ಇರುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ನನ್ನ ಆಯ್ಕೆ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ನೇರವಾಗಿ ವಿಂಡೋಸ್‌ಗೆಂದೇ ಬರೆದ ಅದು ಕ್ಲಿಕ್ ಮಾಡಿದ ಕೂಡಲೇ ತೆರೆದುಕೊಳ್ಳುತ್ತದೆ, ಮತ್ತು ಅದರಲ್ಲಿ ಬರೆದದ್ದನ್ನು ನಾಳೆ ಬೇರಾವುದೇ ಎಡಿಟರಿನಲ್ಲಿ ಓದಬಹುದು. ಪಿಡಿಎಫ್ ಓದುವುದಕ್ಕೆ ಸುಮಾತ್ರಾ ಪಿಡಿಎಫ್ ಇದೆ. ಆದರೆ ಟಿಪ್ಪಣಿಗಳು ಫೋನಿಗೂ ತಾವಾಗಿಯೇ ತಲುಪಬೇಕು, ನಾಲ್ಕು ಜನ ಒಟ್ಟಿಗೆ ತಿದ್ದಬೇಕು ಎಂದಾದರೆ ಸರಳ ತಂತ್ರಾಂಶ ಕೈಕೊಡುತ್ತದೆ. ಆಗ ಆ ಒಂದು ಭಾರದ ಆ್ಯಪನ್ನು ಇಟ್ಟುಕೊಂಡು ಉಳಿದವನ್ನು ಬಿಡುವುದು ಲೇಸು.

ಪ್ರಶ್ನೆ: ಹಿಂದೆ ಕೆಲವೇ ಎಂಬಿ ರ‍್ಯಾಮ್‌ನಲ್ಲಿ ಇಡೀ ಕಂಪ್ಯೂಟರ್ ನಡೆಯುತ್ತಿತ್ತು. ಈಗಿನದು ತಂತ್ರಾಂಶ ಬರೆಯುವವರ ಸೋಮಾರಿತನವಲ್ಲವೇ?

ಉತ್ತರ: ಭಾಗಶಃ ಹೌದು. ವಿಂಡೋಸ್ 95 ಕೇಳುತ್ತಿದ್ದ ಕನಿಷ್ಠ ರ‍್ಯಾಮ್ 4 ಎಂಬಿ, ವಿಂಡೋಸ್ 11 ಕೇಳುವುದು 4 ಜಿಬಿ. ಹಾರ್ಡ್‌ವೇರ್ ವೇಗ ಪಡೆಯುವುದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂದು ಪ್ಯಾಸ್ಕಲ್ ಭಾಷೆಯ ಜನಕ ನಿಕ್ಲಾಸ್ ವಿರ್ತ್ 1995ರಲ್ಲೇ ಬರೆದಿದ್ದರು. ಆ ಮಾತನ್ನು ಅವರು ಮಾರ್ಟಿನ್ ರೈಸರ್ ಅವರದೆಂದು ಹೇಳಿದರೂ ಅದು ವಿರ್ತ್ ನಿಯಮವೆಂದೇ ಹೆಸರಾಗಿದೆ. ಆದರೂ ಬೆಳೆದದ್ದೆಲ್ಲ ಕೊಬ್ಬಲ್ಲ. ನೀವೀಗ ಓದುತ್ತಿರುವ ಲಿಪಿಯ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಏರ್ಪಾಡು ವಿಂಡೋಸ್ 95ರಲ್ಲಿ ಇರಲಿಲ್ಲ. 2018ರಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಯಲಾದ ಮೇಲೆ, ಒಂದು ತಾಣದ ಗುಟ್ಟನ್ನು ಇನ್ನೊಂದು ಕದಿಯದಂತೆ ಕ್ರೋಮ್ ಪ್ರತಿ ತಾಣವನ್ನೂ ಬೇರೆ ಪ್ರಕ್ರಿಯೆಯಲ್ಲಿ ಇರಿಸತೊಡಗಿತು, ಅದಕ್ಕೂ ರ‍್ಯಾಮ್ ಬೇಕಾಯಿತು. ಈ ಖರ್ಚಿಗೆ ನನ್ನ ತಕರಾರಿಲ್ಲ. ಹಾಡಿನ ಆ್ಯಪ್ ಒಂದು ಇಡೀ ಬ್ರೌಸರನ್ನು ಹೊತ್ತು ತರುವುದಕ್ಕೆ ಇದೆ.

ಪ್ರಶ್ನೆ: ರ‍್ಯಾಮ್ ಸದಾ 70% ತುಂಬಿರುತ್ತದೆ. ರ‍್ಯಾಮ್ ಬೂಸ್ಟರ್ ಹಾಕಿಕೊಳ್ಳಲೇ?

ಉತ್ತರ: ಬೇಡ. ಯಂತ್ರ ಚುರುಕಾಗಿದ್ದರೆ 70% ತುಂಬಿರುವುದು ರೋಗವಲ್ಲ. ಬೂಸ್ಟರ್ ಮಾಡುವುದು ಸಾಮಾನ್ಯವಾಗಿ ಇಷ್ಟೇ: ಓಡುತ್ತಿರುವ ಆ್ಯಪ್‌ಗಳ ದತ್ತಾಂಶವನ್ನು ರ‍್ಯಾಮ್‌ನಿಂದ ಬಲವಂತವಾಗಿ ಹೊರದಬ್ಬುತ್ತದೆ. ಅಂಕಿ ಇಳಿಯುತ್ತದೆ, ಮರುಕ್ಷಣ ಆ ಆ್ಯಪ್‌ಗಳು ಅದನ್ನೇ ಮರಳಿ ಕೇಳಿದಾಗ ಯಂತ್ರ ಇನ್ನಷ್ಟು ತಡವರಿಸುತ್ತದೆ. ಮೇಲಾಗಿ ಬೂಸ್ಟರ್ ತಾನೂ ರ‍್ಯಾಮ್‌ನಲ್ಲೇ ಕುಳಿತಿರುತ್ತದೆ. ಈಗಾಗಲೇ ಹಾಕಿಕೊಂಡಿದ್ದರೆ ತೆಗೆದುಹಾಕಿ.