ಮಡಿಕೇರಿಯಲ್ಲಿ ಒಂಬತ್ತನೇ ತರಗತಿಗೆ ಸೇರುವ ಮಗಳು ಸಂಗೀತವನ್ನೂ ಒಂದು ವಿಷಯವಾಗಿ ಓದಬಹುದೇ?

ಖಂಡಿತ ಓದಬಹುದು. ಸಿಬಿಎಸ್‌ಇ ಪಠ್ಯಕ್ರಮದ 9 ಮತ್ತು 10ನೇ ತರಗತಿಗಳಲ್ಲಿ ಕರ್ನಾಟಕ, ಹಿಂದೂಸ್ತಾನಿ ಸಂಗೀತಗಳೆರಡೂ ಐಚ್ಛಿಕ ವಿಷಯಗಳಾಗಿದ್ದು, ಗಾಯನ, ಸ್ವರವಾದ್ಯ, ತಾಳವಾದ್ಯಗಳಿಗೆ ಪ್ರತ್ಯೇಕ ಪಠ್ಯವಿದೆ. ಆದರೆ ಅದನ್ನು ಕಲಿಸುವ ಶಿಕ್ಷಕರು ಶಾಲೆಯಲ್ಲಿದ್ದಾರೆಯೇ ಎಂದು ಪ್ರವೇಶಕ್ಕೆ ಮೊದಲೇ ವಿಚಾರಿಸಿಕೊಳ್ಳಿ. ಇಲ್ಲವಾದರೆ, ಹೊರಗೆ ಗುರುಗಳಲ್ಲಿ ಕಲಿತು ರಾಜ್ಯದ ಜೂನಿಯರ್ ಸಂಗೀತ ಪರೀಕ್ಷೆಗೆ ಕೂರುವುದೇ ನನ್ನ ದೃಷ್ಟಿಯಲ್ಲಿ ಉತ್ತಮ ದಾರಿ. ಕರ್ನಾಟಕ ಸಂಗೀತದ ಅಭ್ಯಾಸವು ಮಾಯಾಮಾಳವಗೌಳ ರಾಗದ ಸರಳೆ ವರಸೆಗಳಿಂದ, ಅಂದರೆ ಸ್ವರಗಳ ಮೊದಲ ಪಾಠಗಳಿಂದ, ಆರಂಭವಾಗಿ, ಸ್ವರಗಳನ್ನು ಜೋಡಿಯಾಗಿ ಹಾಡುವ ಜಂಟಿ ವರಸೆ, ಏಳು ತಾಳಗಳಲ್ಲಿನ ಸ್ವರಾಭ್ಯಾಸವಾದ ಸಪ್ತತಾಳ ಅಲಂಕಾರ, ಗೀತೆಗಳ ಮೂಲಕ ಸಾಗುತ್ತದೆ. ಕೈಯಲ್ಲಿ ತಾಳ ತಪ್ಪದಂತೆ ಒಂದು ಅಲಂಕಾರವನ್ನು ಮೂರು ಕಾಲಗಳಲ್ಲಿ (ವೇಗಗಳಲ್ಲಿ) ಹಾಡಲು ಬರುವವರೆಗೆ ಮುಂದಿನದಕ್ಕೆ ಅವಸರಪಡಬಾರದು. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯವನ್ನು ಬಾರಿಸುತ್ತ ಹಾಡುವುದನ್ನು ಕೇಳಿ ಬೆಳೆದ ಮಕ್ಕಳಿಗೆ ಲಯ ಹೊಸದೇನಲ್ಲವಾದ್ದರಿಂದ, ಗಾಯನದ ಜೊತೆಗೆ ಮೃದಂಗವನ್ನೂ ಪರಿಗಣಿಸಿ.